ಧಾನ್ಯ ಬೇಡವೆಂದ ಗಿರಾಕಿ

ಮೇಜಿನ ಮೇಲೆ ನೀರಿನ ಲೋಟವಿಟ್ಟು ಹೋಟೆಲಿನ ಮಾಣಿ ಒಂದೇ ಉಸಿರಿನಲ್ಲಿ ಪಾಠ ಒಪ್ಪಿಸುತ್ತಾನೆ: ಇಡ್ಲಿ, ವಡೆ, ಮಸಾಲೆ ದೋಸೆ, ಉಪ್ಪಿಟ್ಟು, ಪೂರಿ, ಕೇಸರಿಬಾತು. “ಧಾನ್ಯವಿಲ್ಲದ್ದು ಏನಿದೆಯಪ್ಪಾ?” ಎಂದು ಗಿರಾಕಿ ಕೇಳಿದರೆ ಕ್ಷಣಕಾಲ ತಬ್ಬಿಬ್ಬಾಗಿ, “ಕಾಫಿ ಇದೆ ಸ್ವಾಮಿ” ಎನ್ನುತ್ತಾನೆ.

ತಪ್ಪು ಮಾಣಿಯದಲ್ಲ. ನಮ್ಮ ಉಪಾಹಾರ ಗೃಹಗಳು ನಿಂತಿರುವುದೇ ಅಕ್ಕಿ, ಗೋಧಿಗಳ ಆಧಾರದ ಮೇಲೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ಗೋಧಿಯ ರವೆಯಿಂದ ಇಡ್ಲಿ ಮಾಡಿದರೆಂಬುದು ಪ್ರಸಿದ್ಧವಾದ ಕಥೆ. ಒಂದು ಧಾನ್ಯ ಎದ್ದುಹೋದ ಮಣೆಯ ಮೇಲೆ ಇನ್ನೊಂದು ಧಾನ್ಯವೇ ಬಂದು ಕುಳಿತಿತು.

ತೊಡಕಿರುವುದು ‘ಧಾನ್ಯ’ವೆಂಬ ಮಾತಿನಲ್ಲಿಯೇ. ನವಗ್ರಹ ಪೂಜೆಗೆ ಇಡುವ ನವಧಾನ್ಯಗಳಲ್ಲಿ ಹುಲ್ಲಿನ ಜಾತಿಗೆ ಸೇರಿದವು ಗೋಧಿ ಮತ್ತು ಭತ್ತ, ಎರಡೇ. ಎಳ್ಳೊಂದನ್ನು ಬಿಟ್ಟರೆ ತೊಗರಿ, ಹೆಸರು, ಕಡಲೆ, ಅವರೆ, ಉದ್ದು, ಹುರುಳಿಗಳೆಲ್ಲ ಬೇಳೆಯ ಕುಲದವು. ವೈದ್ಯರು ಬಿಡಹೇಳಿದ್ದು ಮೊದಲಿನ ಎರಡನ್ನಾದರೆ, ಉದ್ದಿನ ವಡೆಯನ್ನೂ ಹೆಸರುಬೇಳೆಯ ಕೋಸಂಬರಿಯನ್ನೂ ಬಿಟ್ಟವನು ವೃಥಾ ಹಸಿದಿರುತ್ತಾನೆ.

ಇದಕ್ಕೆ ವಿರುದ್ಧವಾದ ಭ್ರಮೆಯೂ ಉಂಟು. ಏಕಾದಶಿಯಂದು ಅನ್ನ ಬಿಟ್ಟು ಅವಲಕ್ಕಿ, ಉಪ್ಪಿಟ್ಟುಗಳನ್ನು ಫಲಾಹಾರವೆನ್ನುವ ಮನೆಗಳು ಅನೇಕ. ಅವಲಕ್ಕಿ ಭತ್ತದ ಮಗಳು. ಉಪ್ಪಿಟ್ಟಿನ ರವೆ ಗೋಧಿಯದು. ವ್ರತವು ಶ್ರದ್ಧೆಯ ವಿಷಯ. ಅಲ್ಲಿ ಸಂಪ್ರದಾಯದ ರಿಯಾಯಿತಿಗೆ ಆಕ್ಷೇಪಣೆಯಿಲ್ಲ. ಆದರೆ ವ್ಯಾಧಿಯು ರಿಯಾಯಿತಿಯನ್ನು ಅರಿಯದು.

ಸೀಲಿಯಾಕ್ ಎಂಬ ವ್ಯಾಧಿಯುಳ್ಳ ಮಗುವನ್ನು ತಾಯಿ ಹೋಟೆಲಿಗೆ ಕರೆತಂದಳೆನ್ನಿ. ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಪದಾರ್ಥ ಅಲ್ಪ ಪ್ರಮಾಣದಲ್ಲಿದ್ದರೂ ಆ ಮಗುವಿನ ಸಣ್ಣ ಕರುಳಿನ ಒಳಪೊರೆಯನ್ನು ಕೆಡಿಸುತ್ತದೆ. ಅದಕ್ಕೆ ಅಕ್ಕಿ ನಿಷಿದ್ಧವಲ್ಲ, ಇಡ್ಲಿ ತಿನ್ನಬಹುದು. ಆದರೆ ಸಾಂಬಾರಿಗೆ ಬಿದ್ದ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆತಿರುವುದು ಸಾಮಾನ್ಯ. ರವೆ ದೋಸೆ ಹುಯ್ದ ಕಾವಲಿಯ ಮೇಲೆಯೇ ಮಗುವಿನ ದೋಸೆಯನ್ನೂ ಹುಯ್ಯಬಹುದು. ತಾಯಿಯ ಪ್ರಶ್ನೆಗಳನ್ನು ಪಕ್ಕದ ಮೇಜಿನವರು ಅತಿಮಡಿಯೆಂದು ನಕ್ಕರೆ, ಆ ನಗೆಯ ಬೆಲೆ ತೆರುವುದು ಮಗು.

ಆದ್ದರಿಂದ ಹೋಟೆಲಿನಲ್ಲಿ ‘ಧಾನ್ಯ ಬೇಡ’ ಎನ್ನುವುದಕ್ಕಿಂತ, ಅಕ್ಕಿ, ಗೋಧಿ, ರವೆ, ಮೈದಾ ಎಂದು ಬೇಡವಾದುದರ ಹೆಸರು ಹಿಡಿದು ಹೇಳುವುದು ಲೇಸು. ಧಾನ್ಯವನ್ನೇ ಬಿಟ್ಟವರಿಗೂ ಆಗ ದಾರಿ ಕಾಣುತ್ತದೆ. ದೋಸೆಯಿಲ್ಲದೆ ಆಲೂಗಡ್ಡೆಯ ಪಲ್ಯ ಮಾತ್ರ ಬರಬಹುದು. ಕೋಸಂಬರಿ, ಮೊಸರು, ಬಾಳೆಹಣ್ಣು ಜೊತೆಗೂಡಬಹುದು. ಮರಗೆಣಸಿನ ಪಿಷ್ಟದಿಂದಾದ ಸಬ್ಬಕ್ಕಿಯ ಖಿಚಡಿ ಸಿಕ್ಕರೆ ಹಬ್ಬವೇ ಸರಿ: ಹೆಸರಿನಲ್ಲಿ ಅಕ್ಕಿಯಿದ್ದರೂ ಒಳಗೆ ಅಕ್ಕಿಯಿಲ್ಲ!

ಕೊನೆಗೆ ಎಲ್ಲವೂ ನಿಲ್ಲುವುದು ಅಡುಗೆಯವನ ಸತ್ಯದ ಮೇಲೆ. “ಏನೂ ಹಾಕಿಲ್ಲ ಸ್ವಾಮಿ, ಧಾರಾಳವಾಗಿ ತಿನ್ನಿ” ಎನ್ನುವ ಚುರುಕು ಮಾಣಿಗಿಂತ, “ನನಗೆ ತಿಳಿಯದು, ಒಳಗೆ ಕೇಳಿಕೊಂಡು ಬರುತ್ತೇನೆ” ಎನ್ನುವ ಮಾಣಿಯೇ ಮೇಲು. ಅವನು ಹೋಗಿ ಬರುವ ಎರಡು ನಿಮಿಷ ಹಸಿವನ್ನು ತಡೆಯುವುದು ಯಾವ ಗಿರಾಕಿಗೂ ಕಷ್ಟವಲ್ಲ.