ಊರಿಗೆ ಬಂದವರು ಎಲ್ಲಿ ಇಳಿದುಕೊಳ್ಳಬೇಕು?

ಬೆಂಗಳೂರಿಗೆ ಬರುವ ನೆಂಟರು, ಹಳೆಯ ಸ್ನೇಹಿತರು ಫೋನ್ ಮಾಡಿ ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಯಾವ ಏರಿಯಾದಲ್ಲಿ ಇಳಿದುಕೊಂಡರೆ ಒಳ್ಳೆಯದು?” ನಾನು ತಿರುಗಿ ಕೇಳುವುದೂ ಒಂದೇ: “ಬರುತ್ತಿರುವುದು ಯಾವ ಕೆಲಸಕ್ಕೆ?” ಕೆಲವರಿಗೆ ಇದು ಅಧಿಕಪ್ರಸಂಗ ಅನ್ನಿಸುತ್ತದೆ. ಆದರೆ ಉತ್ತರ ಇರುವುದೇ ಅಲ್ಲಿ. ಎಲ್ಲರಿಗೂ ಒಪ್ಪುವ ಒಳ್ಳೆಯ ಏರಿಯಾ ಅಂತ ಈ ಊರಿನಲ್ಲಿ ಯಾವುದೂ ಇಲ್ಲ. ನಿಮ್ಮ ಕೆಲಸಕ್ಕೆ ಹತ್ತಿರದ್ದು, ದೂರದ್ದು ಅಂತ ಎರಡೇ ಬಗೆ.

ಹಿಂದಿನವರಿಗೆ ಈ ತಲೆನೋವು ಕಡಿಮೆ ಇತ್ತು. ರೈಲು ಇಳಿದು ಹೊರಗೆ ಬಂದರೆ ಹತ್ತಿರದಲ್ಲೇ ಗುಬ್ಬಿ ತೋಟದಪ್ಪನವರ ಛತ್ರ. ಪರಸ್ಥಳದಿಂದ ಬರುವ ಪ್ರಯಾಣಿಕರಿಗೂ ಓದುವ ಬಡ ಹುಡುಗರಿಗೂ ನೆರಳಾಗಲಿ ಎಂದು ತೋಟದಪ್ಪನವರು ಕಟ್ಟಿಸಿದ ಆ ಛತ್ರ 1903ರಲ್ಲಿ ಆರಂಭವಾಯಿತು. ಮಕ್ಕಳೇ, ನೀವು ಇಂದು ನೋಡುವ ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಆಗ ಧರ್ಮಾಂಬುಧಿ ಎಂಬ ಕೆರೆ ಇತ್ತು. ಸ್ಟೇಷನ್, ಛತ್ರ, ಕೆರೆ ಎಲ್ಲ ಅಕ್ಕಪಕ್ಕ. ಚಿಕ್ಕಪೇಟೆ ನಡೆದು ಹೋಗುವಷ್ಟು ದೂರ. ಇಳಿದ ಜಾಗದ ಹತ್ತಿರವೇ ಉಳಿದು, ನಡೆದೇ ಕೆಲಸ ಮುಗಿಸಿ ಊರಿಗೆ ಮರಳುತ್ತಿದ್ದರು.

ಈಗ ಇಳಿಯುವ ಜಾಗಗಳೇ ಹತ್ತಾರು. ರೈಲು ಟಿಕೆಟಿನಲ್ಲಿ ‘ಎಸ್‌ಬಿಸಿ’ ಎಂದಿದ್ದರೆ ಅದು ಮೆಜೆಸ್ಟಿಕ್ ಪಕ್ಕದ ಸಂಗೊಳ್ಳಿ ರಾಯಣ್ಣ ನಿಲ್ದಾಣ. ‘ವೈಪಿಆರ್’ ಎಂದರೆ ಯಶವಂತಪುರ. ‘ಎಸ್‌ಎಂವಿಬಿ’ ಎಂದರೆ 2022ರಲ್ಲಿ ಶುರುವಾದ, ಬೈಯಪ್ಪನಹಳ್ಳಿ ಕಡೆಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್. ಮೂರೂ ಬೆಂಗಳೂರೇ, ಆದರೆ ಒಂದಕ್ಕೂ ಇನ್ನೊಂದಕ್ಕೂ ಎಷ್ಟೋ ದೂರ. ಮೈಸೂರು ಕಡೆಯ ಬಸ್ಸುಗಳಿಗೆ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ. ವಿಮಾನದಲ್ಲಿ ಬರುವವರಿಗೆ ದೇವನಹಳ್ಳಿ. ಅದು ಊರ ನಡುವಿನಿಂದಲೇ ಸುಮಾರು 35 ಕಿಲೋಮೀಟರ್. ಹಾಗಾಗಿ ಇಳಿದಲ್ಲೇ ಉಳಿಯುವ ಹಳೆಯ ಸೂತ್ರ ಈಗ ಸಾಲದು. ಕೆಲಸ ಇದ್ದಲ್ಲಿ ಉಳಿಯಬೇಕು.

ನಾನಿರುವುದು ಜ್ಞಾನಭಾರತಿಯಲ್ಲಿ. ಬೆಂಗಳೂರು ವಿಶ್ವವಿದ್ಯಾಲಯದ ದೊಡ್ಡ ಆವರಣ, ಮರಗಳು, ಬೆಳಗಿನ ವಾಕಿಂಗಿಗೆ ಬರುವ ನಮ್ಮಂಥ ಹಿರಿಯರು. 2021ರ ಆಗಸ್ಟಿನಲ್ಲಿ ಮೆಟ್ರೋ ಮೈಸೂರು ರಸ್ತೆಯಿಂದ ಕೆಂಗೇರಿಯವರೆಗೆ ಬಂದಾಗ ನಮಗೂ ಒಂದು ನಿಲ್ದಾಣ ಸಿಕ್ಕಿತು. ಇಲ್ಲಿಂದ ನೇರಳೆ ಮಾರ್ಗದಲ್ಲಿ ಹತ್ತನೆಯ ನಿಲ್ದಾಣ ಮೆಜೆಸ್ಟಿಕ್, ಹದಿಮೂರನೆಯದು ಕಬ್ಬನ್ ಪಾರ್ಕ್. ಮಕ್ಕಳನ್ನು ಕರೆದುಕೊಂಡು ವಿಧಾನಸೌಧ, ಕಬ್ಬನ್ ಪಾರ್ಕ್, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ನೋಡಲು ಬರುವವರಿಗೆ ನಮ್ಮ ಕಡೆ ತುಂಬ ಅನುಕೂಲ. ಹತ್ತಿದ ರೈಲಿನಲ್ಲೇ ಕೂತು ಹೋಗಬಹುದು, ಬದಲಿಸಬೇಕಾಗಿಲ್ಲ. ವಿಜಯನಗರ, ಅತ್ತಿಗುಪ್ಪೆ ಕಡೆ ಉಳಿದವರಿಗೂ ಇದೇ ಮಾರ್ಗ. ರಾಜಾಜಿನಗರದವರಿಗೆ ಹಸಿರು ಮಾರ್ಗ. ಲಾಲ್‌ಬಾಗಿಗೆ ನೇರ ರೈಲು. ಬಸವೇಶ್ವರನಗರದ ಒಳಗೆ ಮೆಟ್ರೋ ಇಲ್ಲ; ಅಲ್ಲಿ ಉಳಿದರೆ ದಿನಾ ಎರಡು ಸಲ ಆಟೋ ಅಥವಾ ಬಸ್ಸಿನ ಲೆಕ್ಕ ಸೇರಿಸಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಿಜವಾದ ಕಷ್ಟದ ವಿಷಯಕ್ಕೆ ಬರುತ್ತೇನೆ. ನಮ್ಮ ಜನಕ್ಕೆ ಊರಿನಲ್ಲಿ ಒಡಹುಟ್ಟಿದವರ ಮನೆ ಇರುವಾಗ ಲಾಡ್ಜಿನಲ್ಲಿ ಉಳಿಯುವುದೆಂದರೆ ಅವಮಾನ. ಉಳಿಯುವವರಿಗೂ ಅವಮಾನ, ಮನೆಯವರಿಗೂ ಅವಮಾನ. ನಾಳೆ ನಾಲ್ಕು ಜನ ಏನಂದಾರು ಎಂಬ ಅಂಜಿಕೆ ಬೇರೆ.

ಹೋದ ಕಾರ್ತಿಕದಲ್ಲಿ ತಿಪಟೂರಿನಿಂದ ನನ್ನ ಅಕ್ಕ ಫೋನ್ ಮಾಡಿದಳು. ಭಾವನವರಿಗೆ ಎಂಬತ್ತೆರಡು. ಎದೆಯ ತಪಾಸಣೆ, ಮೂರು ದಿನ ಸತತವಾಗಿ ಬರಬೇಕು ಅಂದಿದ್ದರಂತೆ. ಆಸ್ಪತ್ರೆ ಇದ್ದದ್ದು ಜಯದೇವ ಆಸ್ಪತ್ರೆ ಮೆಟ್ರೋ ನಿಲ್ದಾಣದ ಕಡೆ. “ನಿಮ್ಮ ಮನೇಲೇ ಇದ್ದು ಹೋಗಿ ಬರ್ತೀವಿ ಕಣೋ” ಅಂದಳು. ನಾನು ಹೇಳಿದೆ: “ಅಕ್ಕ, ಮೂರು ರಾತ್ರಿ ಆಸ್ಪತ್ರೆ ಹತ್ತಿರ ಒಂದು ರೂಮಿನಲ್ಲಿರಿ. ಕೆಲಸ ಮುಗಿದ ಮೇಲೆ ನಮ್ಮ ಮನೆಗೆ ಬಂದು ಒಂದು ವಾರ ಇರಿ.” ಆ ಕಡೆ ಸದ್ದಿಲ್ಲ. ಆಮೇಲೆ, “ತಮ್ಮನ ಮನೆ ಇರೋವಾಗ ಲಾಡ್ಜಿಗೆ ಹೋಗು ಅಂತೀಯೇನೋ?” ಎಂದವಳೇ ಫೋನ್ ಇಟ್ಟಳು. ನನ್ನ ಹೆಂಡತಿಯೂ ಆ ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಏಳನೆಯ ತರಗತಿಯ ನನ್ನ ಮೊಮ್ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನೋಟ್‌ಬುಕ್ಕಿನ ಹಾಳೆ ತೆಗೆದು ನಡುವೆ ಗೆರೆ ಎಳೆದಳು. ಒಂದು ಕಡೆ ‘ನಮ್ಮ ಮನೆ’, ಇನ್ನೊಂದು ಕಡೆ ‘ಆಸ್ಪತ್ರೆ ಹತ್ತಿರ’. ಬ್ಯಾಂಕಿನಲ್ಲಿ ಆಯುಷ್ಯವಿಡೀ ಜಮಾ-ಖರ್ಚು ಬರೆದವನ ಮೊಮ್ಮಗಳಲ್ಲವೇ!

ನಮ್ಮ ಮನೆಯಿಂದ ಮೆಜೆಸ್ಟಿಕ್‌ಗೆ 10 ನಿಲ್ದಾಣ. ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಆರ್.ವಿ. ರಸ್ತೆಗೆ 7. ಅಲ್ಲಿ 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಿಸಿ 2. ಒಟ್ಟು 19 ನಿಲ್ದಾಣ, ಎರಡು ಬದಲಾವಣೆ. ಹೋಗಲು ಬರಲು, ಮೂರು ದಿನ. ಬಾಡಿಗೆ ಕಾಲಂನಲ್ಲಿ ನಮ್ಮ ಮನೆಗೆ ಸೊನ್ನೆ, ಆ ಕಡೆ ಮೂರು ರಾತ್ರಿಯ ಹಣ. ಅಲ್ಲಿಯವರೆಗೆ ನಮ್ಮ ಮನೆಯೇ ಗೆಲ್ಲುವ ಹಾಗಿತ್ತು. ಕೊನೆಯಲ್ಲಿ ಅವಳು ತಾನೇ ಒಂದು ಸಾಲು ಸೇರಿಸಿದಳು: ‘ಮಧ್ಯಾಹ್ನ ಅಜ್ಜ ಮಲಗಬಹುದಾ?’ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು, ರಿಪೋರ್ಟ್ ಬರುವುದು ಮಧ್ಯಾಹ್ನದ ಮೇಲೆ. ನಡುವಿನ ನಾಲ್ಕೈದು ಗಂಟೆ ಎಂಬತ್ತೆರಡರ ಮುದುಕರು ಎಲ್ಲಿರಬೇಕು? ನಮ್ಮ ಮನೆಗೆ ಬಂದು ಹೋಗುವ ಮಾತಿಲ್ಲ. ಆಸ್ಪತ್ರೆಯ ಕುರ್ಚಿಯೇ ಗತಿ.

ಆ ಹಾಳೆಯ ಫೋಟೋ ತೆಗೆದು ಅವಳೇ ಅಕ್ಕನ ಮೊಬೈಲಿಗೆ ಕಳಿಸಿದಳು. ಸಂಜೆ ಅಕ್ಕ ಫೋನ್ ಮಾಡಿ, “ಅದೆಲ್ಲ ಸರಿ, ಊಟಕ್ಕೇನು ಮಾಡೋದು? ಇವರಿಗೆ ಉಪ್ಪು-ಖಾರ ಆಗಲ್ಲ” ಅಂದಳು. ಅಲ್ಲಿಗೆ ಒಪ್ಪಿಗೆ ಸಿಕ್ಕಿತು.

ಊಟದ ಕೆಲಸ ನಾನು ವಹಿಸಿಕೊಂಡೆ. ಹೆಂಡತಿ ಕಟ್ಟಿಕೊಟ್ಟ ಕ್ಯಾರಿಯರ್ ಹಿಡಿದು, ಬೆಳಗಿನ ನೂಕುನುಗ್ಗಲು ಇಳಿದ ಮೇಲೆ ಹೊರಟು, ಆ 19 ನಿಲ್ದಾಣಗಳನ್ನು ಮೂರು ದಿನವೂ ನಾನೇ ದಾಟಿದೆ. ಎಪ್ಪತ್ತು ದಾಟಿದ್ದರೂ ನನ್ನ ಕಾಲು ಇನ್ನೂ ಗಟ್ಟಿ. ಎರಡನೆಯ ದಿನ ರಕ್ತ ಕೊಟ್ಟು ಬಂದ ಭಾವನವರಿಗೆ ತಲೆ ಸುತ್ತಿತು. ಹತ್ತು ನಿಮಿಷದಲ್ಲಿ ಅವರು ರೂಮಿನ ಮಂಚದ ಮೇಲೆ ಮಲಗಿದ್ದರು. ನಾನು ಹೋದಾಗ ಅಕ್ಕ ಕ್ಯಾರಿಯರ್ ಬಿಚ್ಚುತ್ತಾ, “ಆ ಹುಡುಗಿ ಬರೆದ ಕೊನೇ ಸಾಲು ನೋಡೋ, ನನಗೇ ಹೊಳೆದಿರಲಿಲ್ಲ” ಅಂದಳು. ನಾಲ್ಕನೆಯ ದಿನ ಇಬ್ಬರೂ ನಮ್ಮ ಮನೆಗೆ ಬಂದರು. ವಿಶ್ವವಿದ್ಯಾಲಯದ ಮರಗಳ ಕೆಳಗೆ ಭಾವನವರು ನಿಧಾನವಾಗಿ ನಡೆದಾಡಿದರು. ಆಗ ಅವರು ನಿಜವಾಗಿ ನೆಂಟರಾಗಿದ್ದರು.

ಹಿರಿಯರಲ್ಲಿ ನನ್ನದೊಂದು ಮಾತು. “ನಮ್ಮ ಮನೆಗೇ ಬನ್ನಿ” ಎಂದು ಒತ್ತಾಯ ಮಾಡುವುದು ಪ್ರೀತಿಯೇ. ಆದರೆ ಬರುವವರ ಮಂಡಿ, ಎದೆ, ವಯಸ್ಸು ನೋಡಿ “ಕೆಲಸ ಮುಗಿಯುವವರೆಗೆ ಅಲ್ಲಿರಿ, ಊಟ ನಾವು ತರುತ್ತೇವೆ” ಎನ್ನುವುದೂ ಪ್ರೀತಿಯೇ. ಹಾಗೆ ಹೇಳಿದವರ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ರೂಮು ಹಿಡಿಯುವಾಗ ಫೋನಿನಲ್ಲೇ ನಾಲ್ಕು ವಿಷಯ ಕೇಳಿ. ಲಿಫ್ಟ್ ಇದೆಯೇ, ಇಲ್ಲದಿದ್ದರೆ ನೆಲಮಹಡಿಯಲ್ಲಿ ಕೊಡುತ್ತಾರೆಯೇ? ಕಮೋಡ್ ಇದೆಯೇ? ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ? ಬೆಳಗ್ಗೆ ಐದಕ್ಕೇ ಹೊರಡಬೇಕಾದರೆ ಬಾಗಿಲು ತೆಗೆಯುವವರು ಇರುತ್ತಾರೆಯೇ? ಜೊತೆಗೆ ಹಳೆಯ ಬ್ಯಾಂಕಿನವನ ಎಚ್ಚರಿಕೆಯೊಂದು: ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕ ಯಾವುದೋ ನಂಬರಿಗೆ ಪೂರ್ತಿ ಹಣ ಕಳಿಸಬೇಡಿ, ಓಟಿಪಿ ಅಂತೂ ಯಾರಿಗೂ ಹೇಳಲೇಬೇಡಿ. ಆದಷ್ಟೂ ಅಲ್ಲಿಗೆ ಹೋಗಿ, ರೂಮು ನೋಡಿ, ಕೌಂಟರಿನಲ್ಲಿ ಹಣ ಕಟ್ಟಿ ರಸೀದಿ ತೆಗೆದುಕೊಳ್ಳಿ.

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಮನೆಯಲ್ಲಿ ಯಾರಾದರೂ ದೊಡ್ಡ ಊರಿಗೆ ಹೊರಟಿದ್ದರೆ, ಅದು ಬೆಂಗಳೂರಾಗಲಿ, ಮೈಸೂರಾಗಲಿ, ಹುಬ್ಬಳ್ಳಿಯಾಗಲಿ, ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಲ್ಲಿ ಇಳಿಯುತ್ತಾರೆ, ಕೆಲಸ ಎಲ್ಲಿ, ಎಷ್ಟು ಗಂಟೆಗೆ, ಎಷ್ಟು ಸಲ ಹತ್ತಿ ಇಳಿಯಬೇಕು ಎಂದು ಎರಡೂ ಕಡೆ ಬರೆಯಿರಿ. ಹಣದ ಸಾಲನ್ನೂ ಬರೆಯಿರಿ. ಆಮೇಲೆ ಅಜ್ಜ ಅಥವಾ ಅಜ್ಜಿಯ ಪಕ್ಕ ಕೂತು, ಮಧ್ಯಾಹ್ನ ಎಲ್ಲಿ ಮಲಗುತ್ತೀರಿ ಎಂದು ಕೇಳಿ, ಅವರು ಹೇಳಿದ್ದನ್ನು ಕೊನೆಯ ಸಾಲಿನಲ್ಲಿ ತುಂಬಿಸಿ.