ಫೋನಿನಲ್ಲಿ ಮಳೆ ಕಂಡರೆ ಸಾಲದು, ಕಣಕ್ಕೆ ಸುದ್ದಿ ಮುಟ್ಟಬೇಕು

"ಏನಪ್ಪಾ, ನಿನ್ನ ಫೋನಲ್ಲಿ ಮಳೆ ಬರೋದು ಮೊದಲೇ ಕಾಣ್ಸುತ್ತಂತಲ್ಲ, ಸ್ವಲ್ಪ ನೋಡಿ ಹೇಳು. ಮೆದೆ ಬಿಚ್ಚಲೋ ಬೇಡವೋ?"

ಕೇಳಿದವರು ನಮ್ಮ ದೊಡ್ಡಪ್ಪ. 2022ರ ಡಿಸೆಂಬರ್ ಎರಡನೇ ವಾರ, ಬ್ಯಾಟರಾಯನಪುರ ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಸಿಗುವ ಜಾಲ ಹೋಬಳಿಯ ಒಂದು ಹಳ್ಳಿ. ರಾಗಿ ಕುಯ್ದು ಮೆದೆ ಹಾಕಿಯಾಗಿತ್ತು. ಒಕ್ಕಣೆ ಯಂತ್ರದವನು ಅವತ್ತು ಬಿಟ್ಟರೆ ಇನ್ನು ವಾರ ಬರುವುದಿಲ್ಲ ಎಂದಿದ್ದ. ನಾವು ಪತ್ರಿಕೆಯವರು, ಓದಿದವರು. ಠೀವಿಯಿಂದ ಫೋನ್ ತೆಗೆದು ಚೆನ್ನೈ ರಾಡಾರ್ ಚಿತ್ರ ನೋಡಿದೆವು. ಕಡಲ ದಂಡೆಯಲ್ಲಿ ಬಣ್ಣ ಬಣ್ಣದ ಮಳೆ. ನಮ್ಮ ಕಡೆ ಒಂದು ಚುಕ್ಕೆಯೂ ಇಲ್ಲ.

"ಬಿಚ್ಚಿ ದೊಡ್ಡಪ್ಪ, ಇವತ್ತು ಏನೂ ಇಲ್ಲ" ಎಂದೆವು.

ಹನ್ನೊಂದು ಗಂಟೆಗೆ ಸೋನೆ ಹಿಡಿಯಿತು. ಜೋರು ಮಳೆಯೇನೂ ಅಲ್ಲ, ತಲೆಗೆ ಟವೆಲ್ ಹಾಕಿಕೊಂಡು ಓಡಾಡುವಷ್ಟು. ಆದರೆ ಬಿಡಲಿಲ್ಲ. ಇದ್ದ ಒಂದು ಟಾರ್ಪಾಲು ಅರ್ಧ ಕಣಕ್ಕೂ ಸಾಲಲಿಲ್ಲ. ಒದ್ದೆಯಾದ ತೆನೆ ಮೂರು ದಿನ ಬಿಸಿಲು ಕಾಣದೆ ಮುಗ್ಗಿತು. ರಾಗಿ ಕಪ್ಪಾಯಿತು, ಹುಲ್ಲೂ ಕೆಟ್ಟಿತು. ದೊಡ್ಡಪ್ಪ ನಮಗೆ ಒಂದು ಮಾತೂ ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು.

ಆ ಸೋನೆ ತಂದದ್ದು ಮಾಂಡೌಸ್ ಚಂಡಮಾರುತ. ಡಿಸೆಂಬರ್ 9ರ ರಾತ್ರಿ ಮಾಮಲ್ಲಪುರದ ಬಳಿ ದಡ ದಾಟಿದ ಅದು ನಮ್ಮ ಕಡೆ ಚಳಿ, ಮೋಡ, ಹನಿ ಬಿಟ್ಟು ಹೋಯಿತು. ರಾಡಾರ್ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಕಾಣದ್ದನ್ನು ನಾವು 'ಇಲ್ಲ' ಅಂದುಕೊಂಡಿದ್ದೆವು. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಕೈಯಲ್ಲಿರುವ ಫೋನ್ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ಅದಕ್ಕೇ ಈ ಬರಹ.

ಕಡಲಿಲ್ಲದ ಊರಿಗೆ ಕಡಲ ಮಳೆ

ಬೆಂಗಳೂರಿನ ಉತ್ತರಕ್ಕಿರುವ ನಮಗೆ ಕಡಲು ಕಾಣುವುದು ಸಿನಿಮಾದಲ್ಲಿ ಮಾತ್ರ. ಆದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಮ್ಮ ಹೊಲದ ಮೇಲೆ ಬೀಳುವ ಹಿಂಗಾರು ಮಳೆ ಬಹುಪಾಲು ಬಂಗಾಳ ಕೊಲ್ಲಿಯದು. ಚಿತ್ತೆ, ಸ್ವಾತಿ, ವಿಶಾಖೆ, ಅನುರಾಧ ಎಂದು ಹಿರಿಯರು ಕರೆಯುವ ಮಳೆಗಳ ಕಾಲವೇ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಏಳುವ ಕಾಲ. ಅದು ಚೆನ್ನೈ, ಪುದುಚೇರಿ, ನೆಲ್ಲೂರು ಕಡೆ ದಡ ಮುಟ್ಟಿದರೆ ಚಿತ್ತೂರು, ಮುಳಬಾಗಿಲು, ಕೋಲಾರ, ಹೊಸಕೋಟೆ ದಾಟಿ ನಮ್ಮ ಮೇಲೆ ಬರುತ್ತದೆ. ನಮ್ಮ ರಾಗಿ ಕುಯ್ಲು ಬರುವುದೂ ಅದೇ ಹೊತ್ತಿಗೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟದವರು ಬೂಜು ರೋಗಕ್ಕೆ ಔಷಧಿ ಹೊಡೆಯಲು ಒಣ ಹವೆಗೆ ಕಾಯುವುದೂ, ಸೇವಂತಿಗೆಯವರು ಹೂ ಬಿಡಿಸುವುದೂ ಈ ಮಳೆಯ ನಡುವೆಯೇ.

2021ರ ನವೆಂಬರ್ ಯಾರು ಮರೆತಾರು? ನವೆಂಬರ್ 19ರ ಬೆಳಗಿನ ಜಾವ ವಾಯುಭಾರ ಕುಸಿತ ಚೆನ್ನೈ ಮತ್ತು ಪುದುಚೇರಿ ನಡುವೆ ದಡ ದಾಟಿತು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದಲ್ಲಿ ಕುಯ್ದ ರಾಗಿ ಹೊಲದಲ್ಲೇ ಮೊಳಕೆ ಬಂತು, ನಿಂತ ರಾಗಿ ನೆಲಕ್ಕೆ ಮಲಗಿತು. ದಡ ದಾಟಿತಲ್ಲ, ಇನ್ನು ಮುಗಿಯಿತು ಅಂದುಕೊಂಡವರೇ ಹೆಚ್ಚು. ಎರಡು ದಿನ ಬಿಟ್ಟು 21ರ ರಾತ್ರಿ ಯಲಹಂಕದ ಮೇಲೆ ಮಳೆ ಸುರಿಯಿತು. ಕೆರೆ ಉಕ್ಕಿ ಕೇಂದ್ರೀಯ ವಿಹಾರದ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರತರಬೇಕಾಯಿತು. ಜಕ್ಕೂರಿನ ಜವಾಹರಲಾಲ್ ನೆಹರೂ ವಿಜ್ಞಾನ ಕೇಂದ್ರದೊಳಕ್ಕೂ ನೀರು ನುಗ್ಗಿತು. 2024ರ ಅಕ್ಟೋಬರ್ 22ರಂದು ಅದೇ ಕೇಂದ್ರೀಯ ವಿಹಾರ ಮತ್ತೆ ಮುಳುಗಿತು.

ಇದರಿಂದ ಕಲಿಯಬೇಕಾದ್ದು ಇಷ್ಟು. ದಡ ದಾಟಿದ ಸುದ್ದಿ ಟೀವಿಯಲ್ಲಿ ಮುಗಿದಾಗ ನಮ್ಮ ಕೆಲಸ ಶುರುವಾಗುತ್ತದೆ.

ರಾಡಾರ್‌ಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನ ಹುಡುಕಲು ಇಟ್ಟ ರಾಡಾರ್‌ನಲ್ಲಿ ಮಳೆ ಬಂದಾಗಲೆಲ್ಲ ಕಲೆಗಳು ಕಾಣುತ್ತಿದ್ದವು. ಸೈನಿಕರಿಗೆ ಅದು ಕಾಟ. ಯುದ್ಧ ಮುಗಿದ ಮೇಲೆ ಆ ಕಾಟವೇ ಹವಾಮಾನದವರಿಗೆ ಉಪಕಾರಿಯಾಯಿತು. ರಾಡಾರ್ ಅಲೆಯೊಂದನ್ನು ಕಳಿಸುತ್ತದೆ, ಅದು ಮಳೆಹನಿಗೆ ತಾಗಿ ವಾಪಸು ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಎಂಬುದರಿಂದ ದೂರ ತಿಳಿಯುತ್ತದೆ, ಎಷ್ಟು ಬಲವಾಗಿ ಬಂತು ಎಂಬುದರಿಂದ ಮಳೆಯ ಜೋರು ತಿಳಿಯುತ್ತದೆ. ಹನಿಗಳು ನಮ್ಮ ಕಡೆ ಬರುತ್ತಿವೆಯೋ ದೂರ ಹೋಗುತ್ತಿವೆಯೋ ಎಂಬುದನ್ನೂ ಡಾಪ್ಲರ್ ರಾಡಾರ್ ಅಳೆಯುತ್ತದೆ. ಚೆನ್ನೈಯಲ್ಲಿ ಹವಾಮಾನ ಇಲಾಖೆಯ ಡಾಪ್ಲರ್ ರಾಡಾರ್ 2002ರಿಂದ ಇದೆ.

ಚೆನ್ನೈಯಿಂದ ನಮ್ಮೂರು ಹತ್ತಿರ ಹತ್ತಿರ 290 ಕಿ.ಮೀ. ರಾಡಾರ್ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ, ಭೂಮಿ ಗುಂಡಗೆ ಕೆಳಕ್ಕೆ ಬಾಗುತ್ತದೆ. ಲೆಕ್ಕ ಹಾಕಿದರೆ ಚೆನ್ನೈಯ ಅಲೆ ನಮ್ಮ ತಲೆಯ ಮೇಲೆ ಬರುವ ಹೊತ್ತಿಗೆ ಆರೇಳು ಕಿ.ಮೀ. ಎತ್ತರದಲ್ಲಿರುತ್ತದೆ. ಗುಡುಗು ಸಿಡಿಲಿನ ಮೋಡ ಹತ್ತು ಕಿ.ಮೀ. ಮೀರಿ ಬೆಳೆಯುತ್ತದೆ, ಹಾಗಾಗಿ ಅದರ ತಲೆ ಕಾಣುತ್ತದೆ. ಸೋನೆ ಸುರಿಸುವ ಮೋಡ ಅಷ್ಟು ಎತ್ತರ ಏರುವುದಿಲ್ಲ. ಅಲೆ ಅದರ ಮೇಲೆ ಹಾದು ಹೋಗುತ್ತದೆ. ದೊಡ್ಡಪ್ಪನ ಕಣ ನೆನೆದದ್ದು ಹೀಗೆ. ಕಾಂಪೌಂಡ್ ಗೋಡೆಯ ಆಚೆ ನಿಂತವನಿಗೆ ತೆಂಗಿನ ಮರ ಕಾಣುತ್ತದೆ, ಕೆಳಗಿನ ಕನಕಾಂಬರ ಕಾಣುವುದಿಲ್ಲ.

ಇನ್ನೂ ಒಂದು ವಿಷಯ. ಚೆನ್ನೈ ರಾಡಾರ್‌ನ ಒಂದು ಚಿತ್ರ ಸುತ್ತಲಿನ 250 ಕಿ.ಮೀ.ವರೆಗೆ ಮಾತ್ರ ತೋರಿಸುತ್ತದೆ. ನಾವು ಆ ಗೆರೆಯ ಆಚೆ. ಹಾಗಾಗಿ ನಮ್ಮ ಊರಿನ ಮಳೆಗಿಂತ ನಮ್ಮ ಊರಿಗೆ ಹೊರಟಿರುವ ಮಳೆಯನ್ನು ನೋಡಲು ಆ ಚಿತ್ರ ಹೆಚ್ಚು ಉಪಯೋಗ.

ನಾವು ಈಗ ನೋಡುವ ರೀತಿ

ಆ ಡಿಸೆಂಬರ್ ಆದಮೇಲೆ ನಾವು ಒಂದು ಕ್ರಮ ಇಟ್ಟುಕೊಂಡಿದ್ದೇವೆ. ನಿಮಗೂ ಹೇಳುತ್ತೇವೆ.

ಮೊದಲು, ನಾಲ್ಕೈದು ದಿನದ ಮಾತು. ಕೊಲ್ಲಿಯಲ್ಲಿ ವಾಯುಭಾರ ಕುಸಿತ ಇದೆಯೇ, ಎತ್ತ ಹೊರಟಿದೆ ಎಂದು ಹವಾಮಾನ ಇಲಾಖೆಯ ವರದಿಯಲ್ಲಿ ನೋಡಿ. ಇದ್ದರೆ ಕುಯ್ಲು ಮುಂದಕ್ಕೆ ಹಾಕಿ. ನಿಂತ ರಾಗಿ ಎರಡು ದಿನದ ಹನಿ ತಡೆದುಕೊಳ್ಳಬಹುದು, ಕುಯ್ದು ಅರಿ ಬಿಟ್ಟ ರಾಗಿ ತಡೆಯುವುದಿಲ್ಲ. ಇಂಥ ದಿನಗಳಲ್ಲಿ ರಾಡಾರ್ ಖಾಲಿ ಕಂಡರೂ ಮೆದೆ ಬಿಚ್ಚಬೇಡಿ. ಜಿ.ಕೆ.ವಿ.ಕೆ.ಯ ಕೃಷಿ ಹವಾಮಾನ ಘಟಕ ಮಂಗಳವಾರ ಮತ್ತು ಶುಕ್ರವಾರ ರೈತರಿಗೆ ಸಲಹೆ ಹೊರಡಿಸುತ್ತದೆ. 'ಮೇಘದೂತ' ಆ್ಯಪ್‌ನಲ್ಲಿ ಜಿಲ್ಲೆ ಹಾಕಿದರೆ ಕನ್ನಡದಲ್ಲಿ ಸಿಗುತ್ತದೆ.

ಎರಡನೆಯದು, ಎರಡು ಮೂರು ಗಂಟೆಯ ಮಾತು. ಇಲ್ಲಿ ರಾಡಾರ್ ಬೇಕು. ಒಂದೇ ಚಿತ್ರ ನೋಡಬೇಡಿ, ಹತ್ತು ಹತ್ತು ನಿಮಿಷದ ಮೂರು ನಾಲ್ಕು ಚಿತ್ರ ನೋಡಿ. ಕೆಂಪು ಗುಪ್ಪೆ ಮುಳಬಾಗಿಲಿನಿಂದ ಕೋಲಾರಕ್ಕೆ ಸುಮಾರು 30 ಕಿ.ಮೀ. ಬರಲು ಒಂದು ಗಂಟೆ ಹಿಡಿದಿದ್ದರೆ, ಕೋಲಾರದಿಂದ ನಮಗೆ ಎರಡು ಗಂಟೆ ಅಂದುಕೊಳ್ಳಿ. ಕಣ ಮುಚ್ಚಲು, ದನ ಒಳಗೆ ಕಟ್ಟಲು, ಔಷಧಿಯ ಡ್ರಮ್ಮು ಕಲಸದೆ ಬಿಡಲು ಅಷ್ಟು ಹೊತ್ತು ಸಾಕು. ಆದರೆ ಏಪ್ರಿಲ್, ಮೇ ತಿಂಗಳ ಮಳೆಗೆ ಈ ಲೆಕ್ಕ ಹಿಡಿಯಬೇಡಿ. ಆಗ ಮೋಡ ನಮ್ಮ ನೆತ್ತಿಯ ಮೇಲೇ ಕಟ್ಟಿ ಅರ್ಧ ಗಂಟೆಯಲ್ಲಿ ಸುರಿಯುತ್ತದೆ.

ಚಿತ್ರದ ಮೇಲಿನ ಸಮಯ ಓದಿ. ಕೆಲವು ಚಿತ್ರಗಳಲ್ಲಿ ಸಮಯ ಗ್ರೀನಿಚ್ ಲೆಕ್ಕದಲ್ಲಿರುತ್ತದೆ, ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಸಮಯ. ವಾಟ್ಸಾಪ್‌ನಲ್ಲಿ ಬರುವ ಚಿತ್ರಕ್ಕೆ ತಾರೀಕು ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ. ಹೋದ ವರ್ಷದ ಮೋಡ ಈ ವರ್ಷ ಊರೂರು ತಿರುಗುವುದನ್ನು ನಾವು ನೋಡಿದ್ದೇವೆ. ಆ್ಯಪ್‌ನಲ್ಲಿ ನಾಳೆಯ, ನಾಡಿದ್ದಿನ ಮಳೆ ಬಣ್ಣದಲ್ಲಿ ಓಡುತ್ತಿದ್ದರೆ ಅದು ರಾಡಾರ್ ಅಲ್ಲ, ಕಂಪ್ಯೂಟರ್ ಅಂದಾಜು. ರಾಡಾರ್ ಆಗಿರುವುದನ್ನು ತೋರಿಸುತ್ತದೆ, ಆಗಲಿರುವುದನ್ನಲ್ಲ.

ಮೂರನೆಯದು, ಈಗಿನ ಮಾತು. ಸಿಡಿಲಿಗೆ 'ದಾಮಿನಿ', 'ಸಿಡಿಲು' ಆ್ಯಪ್‌ಗಳಿವೆ. ಫೋನ್ ಬಳಸಲು ಬಾರದ ಹಿರಿಯರಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿ 92433 45433 ಇದೆ. ಊರು, ಹೋಬಳಿ ಹೇಳಿದರೆ ಮಳೆಯ ಮಾಹಿತಿ ಕನ್ನಡದಲ್ಲಿ ಕೊಡುತ್ತಾರೆ.

ಇಷ್ಟು ಮಾಡಿಯೂ ನೆನೆದರೆ? ಫಸಲ್ ಬಿಮಾ ಕಟ್ಟಿದವರು ನೆನಪಿಡಿ. ಕುಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆ ಚಂಡಮಾರುತ ಅಥವಾ ಅಕಾಲಿಕ ಮಳೆಗೆ ಹಾಳಾದರೆ ಕುಯ್ಲಾದ 14 ದಿನದವರೆಗೆ ಪರಿಹಾರಕ್ಕೆ ಅವಕಾಶವಿದೆ. ಆದರೆ 72 ಗಂಟೆಯೊಳಗೆ ತಿಳಿಸಬೇಕು. ನೆನೆದ ದಿನವೇ ಫೋಟೊ ತೆಗೆದಿಡಿ.

ಹತ್ತಿರವೇ ಇದೆ, ಕಣಕ್ಕೆ ಮಾತ್ರ ದೂರ

ಇಲ್ಲಿಯವರೆಗೆ ಹೇಳಿದ್ದು ರೈತರು ಮಾಡಬಹುದಾದ್ದು. ಇನ್ನು ನಮ್ಮ ತಕರಾರು.

ಬ್ಯಾಟರಾಯನಪುರದಲ್ಲಿ ನಿಂತು ನೋಡಿ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಜಿ.ಕೆ.ವಿ.ಕೆ. ಜಕ್ಕೂರಿನಲ್ಲಿ ದೇಶದ ದೊಡ್ಡ ವಿಜ್ಞಾನ ಸಂಸ್ಥೆ. ಯಲಹಂಕದಲ್ಲಿ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾಗಿ 2007ರಲ್ಲಿ ಈಗಿನ ಹೆಸರು ಪಡೆದ ಈ ಕೇಂದ್ರ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ತಾನೇ ತಾನಾಗಿ ಲೆಕ್ಕ ಕಳಿಸುವ ಮಳೆಮಾಪಕ ಇಟ್ಟಿದೆ. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಹೋಗುತ್ತದೆ. ಬೇರೆ ರಾಜ್ಯದವರು ಬಂದು ನೋಡಿಕೊಂಡು ಹೋಗುವಂಥ ಕೆಲಸ ಇದು, ಒಪ್ಪುತ್ತೇವೆ.

ಆದರೆ ಪಂಚಾಯಿತಿ ಕಚೇರಿಯ ಬಳಿಯ ಮಾಪಕದ ಲೆಕ್ಕ ಅದೇ ಪಂಚಾಯಿತಿಯ ರೈತನಿಗೆ ಗೊತ್ತಾಗುವುದು ಯಾವಾಗ? ಪಕ್ಕದ ಹೋಬಳಿಯಲ್ಲಿ ಒಂದು ಗಂಟೆಯಲ್ಲಿ 40 ಮಿ.ಮೀ. ಬಿದ್ದಿದ್ದರೆ ಅದು ಯಲಹಂಕದ ಪರದೆಯಲ್ಲಿ ಕಾಣುತ್ತದೆ. ಮುಂದಿನ ಹೋಬಳಿಯ ಕಣದಲ್ಲಿ ಕಾಣುವುದಿಲ್ಲ. ಜಿಲ್ಲೆಗೆಲ್ಲ ಒಂದೇ 'ಯೆಲ್ಲೋ ಅಲರ್ಟ್' ಎಂದರೆ ಹೊಲದಲ್ಲಿ ನಿಂತವನು ಅದನ್ನು ಏನು ಮಾಡಬೇಕು?

ನಮ್ಮ ಕೇಳಿಕೆ ದೊಡ್ಡದಲ್ಲ.

ಮೊದಲನೆಯದು, ರಾಡಾರ್ ಚಿತ್ರದ ಮೇಲೆ ಹೋಬಳಿಗಳ ಹೆಸರು ಕನ್ನಡದಲ್ಲಿ ಬರಲಿ, ಸಮಯ ನಮ್ಮ ಸಮಯದಲ್ಲಿರಲಿ. ಎರಡನೆಯದು, ಕುಯ್ಲಿನ ಎರಡು ತಿಂಗಳು ಮಳೆ ಮಾಹಿತಿ ಹಾಲಿನ ಡೈರಿಗೆ ಮುಟ್ಟಲಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಊರಿನ ಹೆಚ್ಚಿನ ಮನೆಯವರು ಬಂದು ನಿಲ್ಲುವ ಜಾಗ ಅದೊಂದೇ. ಕಾರ್ಯದರ್ಶಿ ಎರಡು ಸಾಲು ಬೋರ್ಡಿನ ಮೇಲೆ ಬರೆದರೆ ಸಾಕು. 'ಕೊಲ್ಲಿಯಲ್ಲಿ ಕುಸಿತ ಇದೆ, ಗುರುವಾರದವರೆಗೆ ಕುಯ್ಯಬೇಡಿ.' ಯಾವ ಆ್ಯಪ್ ಇಷ್ಟು ಜನರನ್ನು ಮುಟ್ಟುತ್ತದೆ? ಮೂರನೆಯದು, ಬೆಂಗಳೂರಿನ ಸುತ್ತಲಿನ ತಗ್ಗಿನ ಮೋಡವನ್ನೂ ಕಾಣುವ ರಾಡಾರ್ ನಮ್ಮ ಹತ್ತಿರವೇ ಬೇಕು. ವರ್ಷಗಳಿಂದ ಈ ಮಾತು ಕೇಳುತ್ತಿದ್ದೇವೆ. 290 ಕಿ.ಮೀ. ದೂರದ ಕಣ್ಣಿನಿಂದ ನಮ್ಮ ಕಣ ಕಾಯುವುದಕ್ಕೆ ಆಗುವುದಿಲ್ಲ. ವಿಪತ್ತು ನಿರ್ವಹಣೆ ಕಂದಾಯ ಇಲಾಖೆಯ ಹೊಣೆ. 2023ರಲ್ಲಿ ಆ ಖಾತೆ ವಹಿಸಿಕೊಂಡ ಕೃಷ್ಣ ಬೈರೇಗೌಡರು ಇದೇ ಬ್ಯಾಟರಾಯನಪುರ ಕ್ಷೇತ್ರದಿಂದ ಗೆದ್ದವರು. ಹೇಳಿಕೊಳ್ಳಲು ನಮಗೆ ದೂರ ಹೋಗಬೇಕಾಗಿಲ್ಲ.

ತಪ್ಪು ನಮ್ಮ ಕಸುಬಿನಲ್ಲೂ ಇದೆ. 'ಇನ್ನೆರಡು ದಿನ ಭಾರಿ ಮಳೆ' ಎಂದು ಜಿಲ್ಲೆಯಿಂದ ಸುದ್ದಿ ಕಳಿಸುವವರು ನಾವೇ. ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಏನು ಮಾಡಬೇಕು ಎಂದು ಬರೆಯುವುದಿಲ್ಲ. ನೀರಿನಲ್ಲಿ ನಿಂತ ಕಾರಿನ ಫೋಟೊ ಮೊದಲ ಪುಟಕ್ಕೆ ಹೋಗುತ್ತದೆ, ಕಪ್ಪಾದ ರಾಗಿಯ ಫೋಟೊ ಒಳಪುಟಕ್ಕೂ ಬರುವುದಿಲ್ಲ. ಇನ್ನು ಮುಂದೆ ಹಿಂಗಾರಿನಲ್ಲಿ ನಾವು ಕಳಿಸುವ ಪ್ರತಿ ಮಳೆ ಸುದ್ದಿಯಲ್ಲೂ ಹೋಬಳಿ ಮತ್ತು ಹೊತ್ತು ಇರುತ್ತದೆ. ಇಲ್ಲದಿದ್ದರೆ ನೀವು ಕೇಳಿ.

"ನಮ್ಮ ತಾತ ಮೋಡ ನೋಡಿ ಹೇಳ್ತಿದ್ರು, ಇದೆಲ್ಲಾ ಯಾಕೆ?" ಎನ್ನುವವರಿದ್ದಾರೆ. ತಾತನ ಕಣ್ಣು ಸುಳ್ಳಲ್ಲ. ಗಾಳಿ ಮೂಡಲಿಗೆ ತಿರುಗಿ, ಮೋಡ ತಗ್ಗಿನಲ್ಲಿ ಬೂದಿ ಬಣ್ಣಕ್ಕೆ ಹರಡಿ, ಬೆಳಿಗ್ಗೆಯೇ ಚಳಿ ಹಿಡಿದರೆ ಅದು ಸೋನೆಯ ಗುರುತು. ಆ ಡಿಸೆಂಬರ್‌ನ ಬೆಳಿಗ್ಗೆಯೂ ಹಾಗೇ ಇತ್ತು. ತಲೆ ಎತ್ತಿ ನೋಡಿದ್ದರೆ ಸಾಕಿತ್ತು, ನಾವು ತಲೆ ತಗ್ಗಿಸಿ ಫೋನ್ ನೋಡುತ್ತಿದ್ದೆವು. ರಾಡಾರ್‌ಗೆ ಕಾಣದ ತಗ್ಗಿನ ಮೋಡ ತಾತನಿಗೆ ಕಾಣುತ್ತದೆ, ತಾತನಿಗೆ ಕಾಣದ ಕೋಲಾರದ ಮೋಡ ರಾಡಾರ್‌ಗೆ ಕಾಣುತ್ತದೆ. ಎರಡೂ ಬೇಕು.

ಹೋದ ಸಲ ಕುಯ್ಲಿನ ಹೊತ್ತಿಗೆ ದೊಡ್ಡಪ್ಪನೇ ಫೋನ್ ಮಾಡಿದರು. "ಕೊಲ್ಲಿಲಿ ಏನಾದ್ರೂ ಐತಾ ನೋಡಪ್ಪ. ಇಲ್ಲಿ ಗಾಳಿ ಮೂಡಲಿಂದ ಬೀಸ್ತೈತೆ, ಅದು ನಾನು ನೋಡ್ಕೊಂಡೆ."

ನೋಡಿ ಹೇಳಿದೆವು. ಮೆದೆ ಎರಡು ದಿನ ಹಾಗೇ ಇತ್ತು. ಮೂರನೇ ದಿನ ಬಿಸಿಲು ಬಂತು.