ಆ್ಯಪ್ ಕೈಕೊಟ್ಟರೆ ಕೂಲಿ ಯಾಕೆ ಹೋಗಬೇಕು?

ನರೇಗಾ ಕೆಲಸದ ಸ್ಥಳದಲ್ಲಿ ಹಾಜರಿ ಹಾಕಲು ಕೇಂದ್ರ ಸರ್ಕಾರ ತಂದ ಎನ್‌ಎಂಎಂಎಸ್ ಆ್ಯಪ್ ಕೆಟ್ಟ ವಿನ್ಯಾಸದ ಆ್ಯಪ್. ಸರ್ವರ್ ನಿಧಾನ, ನೆಟ್‌ವರ್ಕ್ ಇಲ್ಲ ಎಂಬ ದೂರುಗಳನ್ನು ಬದಿಗಿಟ್ಟರೂ ಈ ಮಾತು ನಿಲ್ಲುತ್ತದೆ. ಯಾವ ಆ್ಯಪ್ ಆದರೂ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಆ ದಿನದ ನಷ್ಟ ಯಾರ ತಲೆಗೆ ಬರುತ್ತದೆ ಎಂಬುದರ ಮೇಲೆ ಅದರ ಗುಣಮಟ್ಟ ಅಳೆಯಬೇಕು. ಇಲ್ಲಿ ನಷ್ಟವೆಲ್ಲ ಬಂದದ್ದು ಕೂಲಿಕಾರರ ತಲೆಗೆ.

2021ರ ಮೇ ತಿಂಗಳಲ್ಲಿ ಪ್ರಾಯೋಗಿಕವಾಗಿ ಶುರುವಾದ ಇದನ್ನು 2022ರ ಮೇನಲ್ಲಿ 20 ಅಥವಾ ಹೆಚ್ಚು ಮಂದಿ ದುಡಿಯುವ ಕಾಮಗಾರಿಗಳಿಗೆ, 2023ರ ಜನವರಿ 1ರಿಂದ ಹೆಚ್ಚುಕಡಿಮೆ ಎಲ್ಲ ಕಾಮಗಾರಿಗಳಿಗೆ ಕಡ್ಡಾಯ ಮಾಡಲಾಯಿತು. ಬೆಳಗ್ಗೆ ಒಂದು ಫೋಟೊ, ಮಧ್ಯಾಹ್ನ ಇನ್ನೊಂದು. ಸಮಯ, ಸ್ಥಳ ಎರಡೂ ಫೋಟೊದಲ್ಲೇ ದಾಖಲಾಗಬೇಕು. ತೆಗೆಯುವವರು ಮೇಟ್, ಅಂದರೆ ನಮ್ಮಲ್ಲಿ ಕಾಯಕ ಬಂಧು. ಸಾಮಾನ್ಯವಾಗಿ ಸ್ವಂತ ಫೋನು, ಸ್ವಂತ ರೀಚಾರ್ಜು.

ನರೇಗಾದಲ್ಲಿ ಕೂಲಿ ಬಹುಪಾಲು ಲೆಕ್ಕವಾಗುವುದು ಮಾಡಿದ ಕೆಲಸದ ಅಳತೆಯ ಮೇಲೆ. ಬದು ಎಷ್ಟು ಉದ್ದ, ಗುಂಡಿ ಎಷ್ಟು ಆಳ ಎಂದು ಎಂಜಿನಿಯರ್ ಅಳೆದು ಬರೆಯುತ್ತಾರೆ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಕಡೆಯ ಹೆಂಗಸರು ಬಿಸಿಲೇರುವ ಮೊದಲೇ ಸಲಿಕೆ, ಬುಟ್ಟಿ ಹಿಡಿದು ಕೆಲಸಕ್ಕೆ ಇಳಿಯುವುದು ಇದಕ್ಕೇ: ಪಾಲಿನ ಮಣ್ಣು ಬೇಗ ಮುಗಿಸಿ ಮನೆ ಸೇರಬಹುದು. ಎರಡನೇ ಫೋಟೊ ಆ ಅನುಕೂಲವನ್ನು ಕಿತ್ತುಕೊಂಡಿತು. ಕೆಲಸ ಮುಗಿದರೂ ಕ್ಯಾಮೆರಾಕ್ಕಾಗಿ ಕಾಯಬೇಕು, ಇಲ್ಲವೇ ಉರಿಬಿಸಿಲಲ್ಲಿ ಮತ್ತೆ ನಡೆದು ಬರಬೇಕು. ಅಗೆದ ಮಣ್ಣು ಕಣ್ಣೆದುರಿಗಿದ್ದರೂ ಫೋಟೊ ಸರ್ವರ್‌ಗೆ ಏರದಿದ್ದರೆ ಆ ದಿನದ ಹಾಜರಿ ಅನುಮಾನಕ್ಕೆ ಬೀಳುತ್ತದೆ. ಕರ್ನಾಟಕದಲ್ಲಿ 2025-26ಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಅಷ್ಟನ್ನು ಕಳೆದುಕೊಂಡ ಮನೆಯಲ್ಲಿ ಆ ವಾರ ಏನಾಗುತ್ತದೆ ಎಂದು ಈ ಆ್ಯಪ್ ರೂಪಿಸಿದವರು ಯೋಚಿಸಬೇಕಿತ್ತು.

ನೆಟ್‌ವರ್ಕ್ ಇಲ್ಲದಿದ್ದರೂ ಫೋಟೊ ತೆಗೆದು ಆಮೇಲೆ ಏರಿಸಬಹುದು ಎನ್ನುತ್ತದೆ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ. ಏರದೇ ಹೋದರೆ? ವಿಶೇಷ ಸಂದರ್ಭವೆಂದು ಪರಿಗಣಿಸಿ ಹಾಜರಿ ಸರಿಪಡಿಸುವ ಅಧಿಕಾರ ಜಿಲ್ಲಾ ಕಾರ್ಯಕ್ರಮ ಸಂಯೋಜಕರದು. ಕರ್ನಾಟಕದಲ್ಲಿ ಅವರು ಜಿಲ್ಲಾ ಪಂಚಾಯಿತಿಯ ಸಿಇಒ. ಹಳ್ಳಿಯ ಕೆರೆಯಂಗಳದಲ್ಲಿ ಆದ ತಪ್ಪು ತಿದ್ದಿಸಲು ಜಿಲ್ಲಾ ಕೇಂದ್ರದವರೆಗೆ ಕಾಗದ ಹೋಗಬೇಕು. ಹಿಂದೆ ಕಾಗದದ ಹಾಜರಿ ಪಟ್ಟಿಯಲ್ಲಿ (ಎನ್‌ಎಂಆರ್) ತನ್ನ ಹೆಸರಿನ ಮುಂದೆ ಗುರುತು ಬಿದ್ದಿದೆಯೇ ಎಂದು ಕೂಲಿಕಾರಳು ಅಲ್ಲೇ ಕೇಳಿ ನೋಡಬಹುದಿತ್ತು. ಈಗ ಹಾಜರಿ ದಾಖಲಾಯಿತು ಎನ್ನಲು ಅವಳ ಕೈಗೆ ಒಂದು ಚೀಟಿಯೂ ಬರುವುದಿಲ್ಲ. 2023ರ ಫೆಬ್ರುವರಿಯಲ್ಲಿ ಕೂಲಿಕಾರರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಾಗ ಈ ಆ್ಯಪ್ ಹಿಂತೆಗೆಯಿರಿ ಎಂಬುದೂ ಅವರ ಬೇಡಿಕೆಯಾಗಿತ್ತು.

ಸುಳ್ಳು ಹಾಜರಿ ತಡೆಯಬೇಕಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬೋಗಸ್ ಹೆಸರು, ರಾತ್ರೋರಾತ್ರಿ ಜೆಸಿಬಿ ಕೆಲಸ ಎರಡೂ ನಡೆದಿವೆ. ಆದರೆ ಈ ಆ್ಯಪ್ ಅದನ್ನು ತಡೆಯಿತೇ? 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆದು ದುರ್ಬಳಕೆಯನ್ನು ಒಪ್ಪಿಕೊಂಡಿತು. ಸಂಬಂಧವಿಲ್ಲದ ಚಿತ್ರಗಳು, ಹಳೆಯ ಫೋಟೊವನ್ನೇ ಮತ್ತೆ ತೆಗೆದ ಫೋಟೊ, ಬೆಳಗಿನ ಮತ್ತು ಮಧ್ಯಾಹ್ನದ ಚಿತ್ರಗಳಲ್ಲಿ ಬೇರೆ ಬೇರೆ ಜನ! ಇದಕ್ಕೆ ಕಂಡುಕೊಂಡ ಪರಿಹಾರ, ಪ್ರತಿ ಫೋಟೊವನ್ನೂ ಗ್ರಾಮ ಪಂಚಾಯಿತಿ ಸಿಬ್ಬಂದಿ ಕಣ್ಣಾರೆ ಪರಿಶೀಲಿಸುವುದು. ಕಳ್ಳನಿಗೆ ದಾರಿ ಉಳಿಯಿತು, ದುಡಿದವಳಿಗೆ ಕಾಟ ಉಳಿಯಿತು, ಪಂಚಾಯಿತಿಗೆ ಹೊಸ ಹೊರೆ ಬಂತು. ಸಾಮಾಜಿಕ ಪರಿಶೋಧನೆ ಮೂಲ ಕಾಯ್ದೆಯಲ್ಲೇ ಇತ್ತು. ಹೆಸರು ಓದಿ ಇವರು ನಿಜವಾಗಿ ದುಡಿದರೇ ಎಂದು ಗ್ರಾಮಸಭೆಯಲ್ಲಿ ಕೇಳಿದರೆ ಸಿಗುವ ಉತ್ತರವನ್ನು ಯಾವ ಕ್ಯಾಮೆರಾವೂ ಕೊಡಲಾರದು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಬದಲಿಗೆ ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿದೆ. ಅದರಲ್ಲಿ ಬಯೊಮೆಟ್ರಿಕ್ ದೃಢೀಕರಣವೂ ಇದೆ, ಮೊಬೈಲ್ ಮೂಲಕ ನಿಗಾವೂ ಇದೆ. ಮುಂದಿನ ಆ್ಯಪ್ ಬರೆಯುವ ಮುನ್ನ ಸರ್ಕಾರ ಮೂರು ಮಾತು ನಿಯಮದಲ್ಲೇ ಬರೆದುಕೊಡಲಿ: ತಂತ್ರಾಂಶದ ದೋಷಕ್ಕೆ ಯಾರ ಕೂಲಿಯೂ ಕಡಿತವಾಗಬಾರದು, ಹಾಜರಿಯ ಲಿಖಿತ ಪುರಾವೆ ಅದೇ ದಿನ ಕನ್ನಡದಲ್ಲಿ ಕೂಲಿಕಾರರ ಕೈ ಸೇರಬೇಕು, ತಪ್ಪು ತಿದ್ದುವ ಅಧಿಕಾರ ಗ್ರಾಮ ಪಂಚಾಯಿತಿಯಲ್ಲೇ ಇರಬೇಕು.